ಮೀಟರ್ ಬೋರ್ಡು ಹೇಳುವ ಲೆಕ್ಕ: ಬೆಂಗಳೂರಿನ ಬಾಡಿಗೆ ಮನೆಗಳಿಂದ ಕಲಿತ ಪಾಠಗಳು

ವಸತಿ ಸಮೀಕ್ಷೆ ನನ್ನ ವೃತ್ತಿ. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ಆ ಕಡೆ ಹೊಸೂರು ರಸ್ತೆಯ ಬೊಮ್ಮನಹಳ್ಳಿ, ಗಾರ್ವೆಬಾವಿಪಾಳ್ಯ, ಹೀಗೆ ಕಾರ್ಖಾನೆ ಮತ್ತು ಗಾರ್ಮೆಂಟ್ಸ್ ಕೆಲಸಗಾರರು ಬಾಡಿಗೆಗಿರುವ ಬಡಾವಣೆಗಳಲ್ಲಿ ಮಹಡಿ ಹತ್ತಿ ಇಳಿಯುತ್ತಲೇ ನನ್ನ ಬಹುಪಾಲು ಕೆಲಸ ನಡೆದಿದೆ. ವಸತಿಯ ಬೇಡಿಕೆ, ಪೂರೈಕೆ ಎಂದ ಕೂಡಲೇ ಪತ್ರಿಕೆಗಳಲ್ಲಿ ಬರುವುದು ಅಪಾರ್ಟ್‌ಮೆಂಟುಗಳ ಮಾರಾಟದ ಸುದ್ದಿ. ಈ ಊರಿಗೆ ದುಡಿಯಲು ಬಂದ ಲಕ್ಷಾಂತರ ಜನಕ್ಕೆ ಸೂರು ಒದಗಿಸಿದ್ದರಲ್ಲಿ ಬಿಲ್ಡರುಗಳಿಗಿಂತ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕಿಂತ (ಬಿಡಿಎ) ದೊಡ್ಡ ಪಾಲು ಸಣ್ಣ ಸೈಟಿನ ಮೇಲೆ ಸಾಲ ಮಾಡಿ ಒಂದೊಂದೇ ಮಹಡಿ ಏರಿಸಿದ ಸಾಮಾನ್ಯ ಮನೆ ಮಾಲೀಕರದು. ಈ ಮಾತನ್ನು ಒಪ್ಪದೆ ಬೆಂಗಳೂರಿನ ವಸತಿಯ ಅರ್ಥಶಾಸ್ತ್ರ ಅರ್ಥವಾಗುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಉಪಯೋಗವಾಗಲಿ ಎಂದು ಕೆಲವು ಪಾಠಗಳನ್ನು ಬರೆದಿದ್ದೇನೆ.

1. ‘ಮನೆಗಳ ಕೊರತೆ’ ಎಂದವರನ್ನು ಯಾವುದರ ಕೊರತೆ ಎಂದು ಕೇಳಿ

ಅರ್ಥಶಾಸ್ತ್ರಜ್ಞ ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ತಾಂತ್ರಿಕ ಸಮಿತಿಯು 2012ರಲ್ಲಿ ದೇಶದ ನಗರಗಳಲ್ಲಿ 1 ಕೋಟಿ 88 ಲಕ್ಷದಷ್ಟು ಮನೆಗಳ ಕೊರತೆ ಇದೆ ಎಂದು ಅಂದಾಜು ಮಾಡಿತು. ಅದಕ್ಕೂ ಒಂದು ವರ್ಷ ಮೊದಲು ನಡೆದ ಜನಗಣತಿಯಲ್ಲಿ ಅದೇ ನಗರಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿ ಇದ್ದವು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೋ ಸಮಿತಿಯ ಲೆಕ್ಕ ಸುಳ್ಳು, ಇಲ್ಲವೇ ಗಣತಿಯ ಲೆಕ್ಕ ಸುಳ್ಳು ಎಂದು ವಾದಿಸುವವರನ್ನು ಬಹಳ ನೋಡಿದ್ದೇನೆ. ಎರಡೂ ಸರಿಯಾಗಿಯೇ ಇರಬಹುದು.

ಸಮಿತಿಯ ವರದಿಯನ್ನು ಬಿಡಿಸಿ ಓದಬೇಕು. ಆ ಕೊರತೆಯಲ್ಲಿ ಸೂರೇ ಇಲ್ಲದವರ ಪಾಲು 5 ಲಕ್ಷದ ಆಸುಪಾಸು. ತೀರ ಹಳೆಯದಾದ ಮನೆಗಳಲ್ಲಿ, ವಾಸಕ್ಕೆ ತಕ್ಕುದಲ್ಲದ ಕಚ್ಚಾ ಮನೆಗಳಲ್ಲಿ ಇರುವವರು ಸೇರಿ 33 ಲಕ್ಷದಷ್ಟು. ಉಳಿದ ಒಂದೂವರೆ ಕೋಟಿ, ಅಂದರೆ ಹತ್ತರಲ್ಲಿ ಎಂಟು ಪಾಲು, ಇಕ್ಕಟ್ಟಿನ ಲೆಕ್ಕ. ಮದುವೆಯಾದ ಗಂಡ ಹೆಂಡತಿಗೆ ಬೇರೆ ಕೋಣೆ ಇಲ್ಲದ ಕುಟುಂಬವನ್ನು ಇಕ್ಕಟ್ಟಿನ ಕುಟುಂಬ ಎಂದು ಎಣಿಸಿದ್ದಾರೆ. ಒಟ್ಟು ಕೊರತೆಯಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಆರ್ಥಿಕವಾಗಿ ದುರ್ಬಲರದು ಮತ್ತು ಕಡಿಮೆ ಆದಾಯದವರದು.

ಇಕ್ಕಟ್ಟು ಎಂದರೇನು ಎಂಬುದು ರಾಜಗೋಪಾಲನಗರದ ಒಂದು ಕೋಣೆಯ ಮನೆಗೆ ಹೋದರೆ ತಿಳಿಯುತ್ತದೆ. ಮಗನಿಗೆ ಮದುವೆಯಾಗಿದೆ. ಅಡುಗೆಮನೆಗೂ ಕೋಣೆಗೂ ನಡುವೆ ಒಂದು ಸೀರೆಯ ಪರದೆ. ಅಪ್ಪ ಪೀಣ್ಯದಲ್ಲಿ ಸೆಕ್ಯುರಿಟಿ ಕೆಲಸಕ್ಕೆ ರಾತ್ರಿ ಪಾಳಿಯನ್ನೇ ಕೇಳಿ ಪಡೆದಿದ್ದಾರೆ, ಅಮ್ಮ ಅಕ್ಕಪಕ್ಕದವರ ಮನೆಯಲ್ಲಿ ಮಲಗುತ್ತಾರೆ. ಈ ಕುಟುಂಬಕ್ಕೆ ದೂರದ ಊರಾಚೆ ಒಂದು ಹೊಸ ಮನೆ ಬೇಡ. ಇದೇ ಬೀದಿಯಲ್ಲಿ, ಇನ್ನೆರಡು ಸಾವಿರ ಹೆಚ್ಚು ಕೊಟ್ಟರೆ ಸಿಗುವ ಎರಡು ಕೋಣೆಯ ಮನೆ ಬೇಕು. ಖಾಲಿ ಬಿದ್ದಿರುವ ಮನೆ ಬೇರೆ ಕಡೆ, ಬೇರೆ ಬೆಲೆಗೆ ಇದೆ. ಆದ್ದರಿಂದಲೇ ಖಾಲಿ ಮನೆಗಳೂ ಇಕ್ಕಟ್ಟಿನ ಮನೆಗಳೂ ಒಂದೇ ಊರಿನಲ್ಲಿ ಒಟ್ಟಿಗೆ ಇರಲು ಸಾಧ್ಯ.

2. ಮನೆ ಎಣಿಸಬೇಕಾದರೆ ಮೆಟ್ಟಿಲ ಕೆಳಗೆ ನೋಡಿ

ಬೀದಿಯಿಂದ ಕಾಣುವುದು ಒಂದು ಕಟ್ಟಡ. ಆಸ್ತಿ ತೆರಿಗೆಯ ರಸೀದಿಯಲ್ಲಿರುವುದು ಒಂದು ಖಾತೆ. ಗೇಟು ದಾಟಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರೆ ಅಲ್ಲಿ ಒಂದು ಹಲಗೆಯ ಮೇಲೆ ಬೆಸ್ಕಾಂನ ಏಳು ಮೀಟರು ಸಾಲಾಗಿವೆ. ಪ್ರತಿಯೊಂದಕ್ಕೂ ಆರ್.ಆರ್. ನಂಬರು ಎಂಬ ಸಂಪರ್ಕ ಸಂಖ್ಯೆ. ಅದರ ಕೆಳಗೆ ‘ಎಫ್ 1’, ‘ಎಸ್ 2’ ಎಂದು ಮಾರ್ಕರಿನಲ್ಲಿ ಬರೆದ ಮಹಡಿ, ಮನೆಯ ಗುರುತು. ಏಳರಲ್ಲಿ ಒಂದು ಸಂಪಿನ ಮೋಟರಿನದು, ಅದನ್ನು ಕಳೆಯಿರಿ. ಕೆಲವು ಕಡೆ ಎರಡು ಪೋರ್ಶನ್‌ಗೆ ಒಂದೇ ಮೀಟರಿದ್ದು, ಒಳಗೆ ಇನ್ನೊಂದು ಸಬ್ ಮೀಟರು ಹಾಕಿರುತ್ತಾರೆ, ಅದನ್ನು ಕೂಡಿಸಿರಿ. ಆಮೇಲೆ ತಾರಸಿಗೆ ಹತ್ತಿ, ನೀರಿನ ಟ್ಯಾಂಕಿನ ಪಕ್ಕ ಶೀಟ್ ಹಾಕಿದ ಕೋಣೆ ಇದೆಯೇ ನೋಡಿ. ಇದ್ದರೆ ಅಲ್ಲೊಂದು ಸಂಸಾರ ಇರುವ ಸಂಭವವೇ ಹೆಚ್ಚು.

ಗಣತಿಯ ನಿಯಮ ಇದಕ್ಕೆ ಪೂರಕವಾಗಿಯೇ ಇದೆ. ರಸ್ತೆಯಿಂದಲೋ ಹಂಚಿಕೊಂಡ ಅಂಗಳ ಅಥವಾ ಮೆಟ್ಟಿಲಿನಿಂದಲೋ ಬೇರೆ ಬಾಗಿಲಿದ್ದರೆ ಅದು ಬೇರೆ ಮನೆ. ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ. ಆದರೆ ಮಾಲೀಕರು ಪೋರ್ಶನ್‌ಗಳನ್ನು ಕಡಿಮೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಆಸ್ತಿ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸಕ್ಕೆ ಕಡಿಮೆ ದರ, ಬಾಡಿಗೆಗೆ ಕೊಟ್ಟಿದ್ದಕ್ಕೆ ಹೆಚ್ಚಿನ ದರ. ಮಂಜೂರಾದ ನಕ್ಷೆಗಿಂತ ಒಂದು ಮಹಡಿ ಹೆಚ್ಚಿಗೆ ಕಟ್ಟಿದ್ದರೆ ಅದರ ಭಯ ಬೇರೆ. ಹೀಗಾಗಿ ಬಾಡಿಗೆ ಮನೆಗಳೇ ದಾಖಲೆಯಿಂದ ಮೊದಲು ಮಾಯವಾಗುವುದು.

2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆದಾರರೂ ತಮ್ಮ ಮನೆಯ ಆರ್.ಆರ್. ನಂಬರಿಗೆ ಆಧಾರ್ ಜೋಡಿಸಿ ಅರ್ಜಿ ಹಾಕಿದರು. ವಿದ್ಯುತ್ ಬಿಲ್ಲಿನ ಯೋಜನೆಯೊಂದು ನಗರದ ಬಾಡಿಗೆ ಸಂಸಾರಗಳ ಇರುವಿಕೆಗೆ ಒಂದು ದಾಖಲೆ ಕೊಟ್ಟಿತು. ವೈಯಕ್ತಿಕ ವಿವರ ತೆಗೆದು, ವಾರ್ಡುವಾರು ಒಟ್ಟು ಸಂಖ್ಯೆಯನ್ನಷ್ಟೇ ಸಂಶೋಧಕರಿಗೆ ಕೊಟ್ಟರೂ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

3. ಮಾರಾಟದ ಬೆಲೆಯನ್ನು ನಂಬಬೇಡಿ, ಬಾಡಿಗೆಯನ್ನು ನಂಬಿ

80 ಲಕ್ಷದ ಫ್ಲ್ಯಾಟಿಗೆ ತಿಂಗಳಿಗೆ 22 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 2 ಲಕ್ಷ 64 ಸಾವಿರ. ಹಾಕಿದ ಹಣಕ್ಕೆ ಶೇಕಡಾ 3.3ರಷ್ಟು ಹುಟ್ಟುವಳಿ. ಅದೇ ಫ್ಲ್ಯಾಟಿಗೆ ಬ್ಯಾಂಕಿನ ಸಾಲದ ಬಡ್ಡಿ ಅದರ ಎರಡೂವರೆ ಪಟ್ಟು. ಕೊಂಡವರು ಈ ನಷ್ಟವನ್ನು ಸಹಿಸಿಕೊಳ್ಳುವುದು ಮುಂದೆ ಬೆಲೆ ಏರುತ್ತದೆ ಎಂಬ ಭರವಸೆಯಿಂದ. ಆದ್ದರಿಂದ ಮಾರಾಟದ ಬೆಲೆಯೊಳಗೆ ಇವತ್ತಿನ ವಾಸದ ಅಗತ್ಯದ ಜೊತೆಗೆ ನಾಳೆಯ ಆಸೆಯೂ, ಬಡ್ಡಿ ದರದ ಏರಿಳಿತವೂ, ತೆರಿಗೆ ವಿನಾಯಿತಿಯೂ ಬೆರೆತಿರುತ್ತವೆ. ಮೇಲಾಗಿ ಎಷ್ಟೋ ಸಲ ನೋಂದಣಿಯ ಕಾಗದದಲ್ಲಿ ಬರೆದ ಮೊತ್ತ ಸರ್ಕಾರದ ಮಾರ್ಗಸೂಚಿ ದರದ ಹತ್ತಿರದ್ದಾಗಿದ್ದು, ಕೈಯಿಂದ ಕೈಗೆ ದಾಟಿದ ಮೊತ್ತ ಬೇರೆಯೇ ಆಗಿರುತ್ತದೆ.

ಬಾಡಿಗೆಯಲ್ಲಿ ಈ ಯಾವ ಕಲಬೆರಕೆಯೂ ಇಲ್ಲ. ಈ ತಿಂಗಳು ಈ ಮನೆಯಲ್ಲಿ ವಾಸ ಮಾಡಲು ಏನು ಕೊಡಬೇಕು ಎಂಬುದಷ್ಟೇ ಅದು. 2020ರಲ್ಲಿ ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಎಂದಾಗ ವೈಟ್‌ಫೀಲ್ಡ್, ಮಾರತ್ತಹಳ್ಳಿ ಕಡೆ ‘ಟು ಲೆಟ್’ ಬೋರ್ಡುಗಳು ತಿಂಗಳುಗಟ್ಟಲೆ ನೇತಾಡಿದವು, ಬಾಡಿಗೆ ಇಳಿಯಿತು. 2022ರಲ್ಲಿ ಕಚೇರಿಗಳು ತೆರೆದು ಎಲ್ಲರೂ ಒಟ್ಟಿಗೆ ಮರಳಿದಾಗ ಬೋರ್ಡು ಹಾಕಿದ ದಿನವೇ ಮನೆ ಹೋಗತೊಡಗಿತು, ಬಾಡಿಗೆ ಜಿಗಿಯಿತು. ಆ ಎರಡು ವರ್ಷಗಳಲ್ಲಿ ಮನೆಗಳ ಸಂಖ್ಯೆ ಹೆಚ್ಚು ಬದಲಾಗಿರಲಿಲ್ಲ. ಬೇಡಿಕೆ ಒಂದು ತಿಂಗಳಲ್ಲಿ ಏರಬಲ್ಲದು. ಒಂದು ಮಹಡಿ ಏಳಬೇಕಾದರೆ ಒಳ್ಳೆಯ ಮೇಸ್ತ್ರಿ ಸಿಕ್ಕರೂ ಎಂಟು ತಿಂಗಳು ಬೇಕು, ದೊಡ್ಡ ಅಪಾರ್ಟ್‌ಮೆಂಟಿಗೆ ಮೂರು ನಾಲ್ಕು ವರ್ಷ. ಈ ಅಂತರದಲ್ಲಿ ಪೆಟ್ಟು ತಿನ್ನುವವರು ಬಾಡಿಗೆದಾರರು.

4. ಭೋಗ್ಯವನ್ನು ಬಿಟ್ಟು ಬರೆದ ಸಮೀಕ್ಷೆ ಅರ್ಧ ಸಮೀಕ್ಷೆ

ಹೊರಗಿನಿಂದ ಬಂದ ಸಂಶೋಧಕರ ಪ್ರಶ್ನಾವಳಿಯಲ್ಲಿ ‘ಸ್ವಂತ ಮನೆ’, ‘ಬಾಡಿಗೆ ಮನೆ’ ಎಂಬ ಎರಡೇ ಕಲಂ ಇರುತ್ತವೆ. ಬೆಂಗಳೂರಿನ ಮಧ್ಯಮ ಮತ್ತು ಕೆಳಮಧ್ಯಮ ಬಡಾವಣೆಗಳಲ್ಲಿ ಮೂರನೆಯದು ಬೇಕು: ಭೋಗ್ಯ. ಈಗಿನವರ ಬಾಯಲ್ಲಿ ‘ಲೀಸು’. ಒಂದೇ ಬಾರಿಗೆ ದೊಡ್ಡ ಮೊತ್ತ ಕೊಟ್ಟು ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸು ಪಡೆಯುವುದು.

ಇದರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. ತಿಂಗಳಿಗೆ 12 ಸಾವಿರ ಬಾಡಿಗೆ ಬರುವ ಎರಡು ಕೋಣೆಯ ಮನೆ ಎಂದುಕೊಳ್ಳಿ. ಅದನ್ನು 10 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ಮಾಲೀಕರು ಬಿಟ್ಟುಕೊಟ್ಟದ್ದು ವರ್ಷಕ್ಕೆ 1 ಲಕ್ಷ 44 ಸಾವಿರ ಬಾಡಿಗೆ. ಅಂದರೆ ಅವರು 10 ಲಕ್ಷವನ್ನು ಶೇಕಡಾ 14.4ರ ಬಡ್ಡಿಗೆ ಸಾಲ ಪಡೆದ ಹಾಗಾಯಿತು. ಬ್ಯಾಂಕಿನ ಗೃಹಸಾಲದ ಬಡ್ಡಿಗಿಂತ ಇದು ಹೆಚ್ಚು. ಆದರೆ ಅವರ ಸೈಟು ಹೊಲವನ್ನೇ ತುಂಡು ಮಾಡಿ ಹಂಚಿದ ರೆವಿನ್ಯೂ ಸೈಟು, ಖಾತೆ ಪೂರ್ತಿ ಸಕ್ರಮವಲ್ಲದ ಬಿ ಖಾತೆ, ಎಷ್ಟೋ ಬ್ಯಾಂಕುಗಳು ಬಾಗಿಲಲ್ಲೇ ವಾಪಸು ಕಳಿಸುತ್ತವೆ. ಇನ್ನೊಂದು ದಾರಿ ಕೈಸಾಲ. ನೂರಕ್ಕೆ ತಿಂಗಳಿಗೆ ಎರಡು, ಮೂರು ರೂಪಾಯಿ, ಅಂದರೆ ವರ್ಷಕ್ಕೆ ಶೇಕಡಾ 24ರಿಂದ 36. ಈ ಎರಡರ ನಡುವೆ ಭೋಗ್ಯ ನಿಂತಿದೆ. ಇತ್ತ ಬಾಡಿಗೆದಾರರ ಕಡೆಯಿಂದ ನೋಡಿದರೆ, ಬ್ಯಾಂಕಿನಲ್ಲಿಟ್ಟರೆ ಶೇಕಡಾ 7ರಷ್ಟು ಬರುವ ಹಣಕ್ಕೆ ಇಲ್ಲಿ ಅದರ ಎರಡರಷ್ಟು ಹುಟ್ಟುತ್ತಿದೆ. ಊರಲ್ಲಿ ಜಮೀನು ಮಾರಿ ಬಂದವರು, ಕೆಲಸದಿಂದ ನಿವೃತ್ತರಾಗಿ ಗಂಟು ಪಡೆದವರು, ಚೀಟಿ ಎತ್ತಿದವರು ಭೋಗ್ಯ ಹುಡುಕುವುದು ಇದಕ್ಕೇ.

ಹೆಗ್ಗನಹಳ್ಳಿಯಲ್ಲಿ ಮನೆ ಮಾಲೀಕರಾದ ಒಬ್ಬ ತಾಯಿ ನನಗೆ ಹೇಳಿದ್ದು: “ಕೆಳಗಡೆ ಮನೆ ಲೀಸಿಗೆ ಹಾಕಿದ ದುಡ್ಡಲ್ಲಿ ಮೇಲಿಂದು ಮೋಲ್ಡ್ ಹಾಕ್ಸಿದ್ವಿ ಸಾರ್. ಅದನ್ನ ಲೀಸಿಗೆ ಹಾಕಿ ಕೆಳಗಿನವರ ದುಡ್ಡು ವಾಪಸ್ ಕೊಟ್ವಿ. ಈಗ ಕೆಳಗಡೇದು ಬಾಡಿಗೆ ಬರ್ತಿದೆ.” ಮೂರು ವಾಕ್ಯದಲ್ಲಿ ಈ ನಗರದ ವಸತಿ ಹಣಕಾಸಿನ ಪೂರ್ತಿ ವಿವರ ಬಂದುಬಿಟ್ಟಿತು. ಬ್ಯಾಂಕು ಕಾಲಿಡದ ಕಡೆ ಬಾಡಿಗೆದಾರರೇ ಮಾಲೀಕರಿಗೆ ಸಾಲ ಕೊಟ್ಟು ಮುಂದಿನ ಬಾಡಿಗೆದಾರರಿಗೆ ಮನೆ ಕಟ್ಟಿಸಿದ್ದಾರೆ.

ಅಪಾಯ ಎಲ್ಲಿದೆ ಎಂದೂ ಹೇಳಲೇಬೇಕು. ಹಳಬರಿಗೆ ಹಣ ಹಿಂದಿರುಗಿಸುವುದು ಹೊಸಬರು ಕೊಡುವ ಹಣದಿಂದ. ಭೋಗ್ಯದ ಮೊತ್ತ ಇಳಿದ ವರ್ಷ, ಅಥವಾ ಹೊಸಬರು ಸಿಗದ ವರ್ಷ, ಹಳಬರ ಹಣ ಸಿಕ್ಕಿಬೀಳುತ್ತದೆ. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಅದು ಹರಾಜಿಗೆ ಬಂದರೆ ಭೋಗ್ಯದವರ ಗತಿ ಇನ್ನೂ ಕಷ್ಟ. ಹೆಚ್ಚಿನವರ ಬಳಿ ಇರುವುದು ಛಾಪಾ ಕಾಗದದ ಮೇಲೆ ಬರೆದ, ನೋಂದಣಿಯಾಗದ ಕರಾರು. ಜೀವಮಾನದ ಉಳಿತಾಯ ಹೀಗೆ ಸಿಕ್ಕಿಕೊಂಡ ಸಂಸಾರಗಳನ್ನು ಕಂಡಿದ್ದೇನೆ. ಭೋಗ್ಯಕ್ಕೆ ಹೋಗುವ ಮುನ್ನ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ, ಕರಾರನ್ನು ನೋಂದಾಯಿಸಿ. ಸರ್ಕಾರ ಇದರ ನೋಂದಣಿ ವೆಚ್ಚವನ್ನು ತೀರ ಕಡಿಮೆ ಮಾಡಿದರೆ ಸಾವಿರಾರು ಕುಟುಂಬಗಳಿಗೆ ರಕ್ಷಣೆ ಸಿಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡಬಲ್ಲ ಇನ್ನೊಂದು ವಸತಿ ಸುಧಾರಣೆ ನನಗಂತೂ ಹೊಳೆದಿಲ್ಲ.

5. ಮೂವತ್ತು ನಲವತ್ತರ ಸೈಟನ್ನು ಅರಿಯದೆ ಪೂರೈಕೆ ಅರ್ಥವಾಗದು

2001ರಲ್ಲಿ ಬೆಂಗಳೂರು ಮಹಾನಗರ ಪ್ರದೇಶದ ಜನಸಂಖ್ಯೆ 57 ಲಕ್ಷ. 2011ರಲ್ಲಿ 85 ಲಕ್ಷ. ಹತ್ತು ವರ್ಷದಲ್ಲಿ ಸೇರಿದ ಆ 28 ಲಕ್ಷ ಜನ ಎಲ್ಲಿ ಮಲಗಿದರು?

ಅವರಿಗೆ ಸೈಟು ಒದಗಿಸಬೇಕಾಗಿದ್ದ ಸಂಸ್ಥೆ ಬಿಡಿಎ. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯ ಉತ್ತರಾಧಿಕಾರಿಯಾಗಿ 1976ರ ಕಾಯ್ದೆಯಿಂದ ಬಂದ ಪ್ರಾಧಿಕಾರ ಇದು. ಜಯನಗರ, ರಾಜಾಜಿನಗರದಂಥ ಬಡಾವಣೆಗಳನ್ನು ಕೊಟ್ಟ ಪರಂಪರೆ. ಆದರೆ ಅರ್ಕಾವತಿ ಬಡಾವಣೆಗೆ 2003ರಲ್ಲಿ, ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟು, ಎರಡೂ ದಶಕದಾಚೆಗೂ ಕೋರ್ಟು ಕಚೇರಿಗಳಲ್ಲಿ ಎಳೆದಾಡಿದವು. ಹೊಟ್ಟೆಪಾಡಿಗೆ ಬಂದವರು ಅಲ್ಲಿಯವರೆಗೆ ಕಾಯಲಾರರು. ರೈತರಿಂದ ಹೊಲ ಕೊಂಡು, ಬಿಳಿ ಕಲ್ಲು ನೆಟ್ಟು, 20 ಅಡಿ ರಸ್ತೆ ಬಿಟ್ಟು ಹಂಚಿದ ರೆವಿನ್ಯೂ ಬಡಾವಣೆಗಳು ಆ ಜಾಗ ತುಂಬಿದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ರಚನೆಯಾದಾಗ ಇಂಥ ಬಡಾವಣೆಗಳು ಒಂದೇ ಏಟಿಗೆ ನಗರದೊಳಗೆ ಬಂದವು. ನಗರ ಸಂಶೋಧಕ ಸೊಲೊಮನ್ ಬೆಂಜಮಿನ್ ಇಂಥ ಬಡಾವಣೆಗಳ ಬಗ್ಗೆ ಬರೆದದ್ದನ್ನು, ಇತಿಹಾಸಕಾರ್ತಿ ಜಾನಕಿ ನಾಯರ್ ಅವರ ಬೆಂಗಳೂರಿನ ಇತಿಹಾಸವನ್ನು ಹೊಸಬರು ಓದಲೇಬೇಕು.

30×40 ಎಂದರೆ 1,200 ಚದರಡಿ. 2015ರ ಮಹಾಯೋಜನೆಯ ಪ್ರಕಾರ ಸಣ್ಣ ಸೈಟಿಗೆ ನೆಲದ ವಿಸ್ತೀರ್ಣದ 1.75 ಪಟ್ಟು, ಅಂದರೆ 2,100 ಚದರಡಿ ಕಟ್ಟಬಹುದು. ಸುತ್ತ ಜಾಗ ಬಿಡಬೇಕು. ಅಷ್ಟರಲ್ಲಿ ಮಾಲೀಕರ ಮನೆ ಹೋಗಿ ಉಳಿಯುವುದು ಒಂದೆರಡು ಪೋರ್ಶನ್. ಸಾಲ ತೀರಬೇಕಾದರೆ ನಾಲ್ಕೈದು ಬೇಕು. ಹಾಗಾಗಿ ಗೋಡೆಗೆ ಗೋಡೆ ತಾಗುತ್ತದೆ, ಇನ್ನೊಂದು ಮಹಡಿ ಏರುತ್ತದೆ, ನಡುವಿನ ಕೋಣೆಗೆ ಕಿಟಕಿ ಇರುವುದಿಲ್ಲ. ಬೀದಿಯಲ್ಲಿ ನಡೆಯುವಾಗ ತಾರಸಿಗಳತ್ತ ಕಣ್ಣು ಹಾಯಿಸಿ. ಪಿಲ್ಲರಿನ ಕಂಬಿಗಳು ಆಕಾಶಕ್ಕೆ ನೆಟ್ಟು ನಿಂತಿರುತ್ತವೆ, ತುಕ್ಕು ಹಿಡಿಯದಿರಲೆಂದು ಕೆಲವಕ್ಕೆ ಸಿಮೆಂಟಿನ ಹಾಲು ಬಳಿದಿರುತ್ತಾರೆ. ಆ ಬೀದಿಯಲ್ಲಿ ಬರಲಿರುವ ಬಾಡಿಗೆ ಮನೆಗಳ ಸಂಖ್ಯೆ ಆ ಕಂಬಿಗಳಲ್ಲಿದೆ. ಹೊಸದಾಗಿ ಸಿಮೆಂಟು ಬಳಿದ ಕಂಬಿ ಹೆಚ್ಚಿದ್ದರೆ ಮಾಲೀಕರಿಗೆ ಇನ್ನೂ ಬಾಡಿಗೆಯ ಮೇಲೆ ನಂಬಿಕೆ ಇದೆ ಎಂದು ತಿಳಿಯಬಹುದು.

ಈ ಮನೆಗಳನ್ನು ‘ಅಕ್ರಮ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ. ಹಾಗೆಂದು ಕಿಟಕಿಯಿಲ್ಲದ ಕೋಣೆಯಲ್ಲಿ ಮಗುವಿಗೆ ಕೆಮ್ಮು ಬಂದರೂ ಸರಿ, ಮೆಟ್ಟಿಲು ಎರಡಡಿ ಅಗಲವಿದ್ದು ಬೆಂಕಿ ಬಿದ್ದರೂ ಸರಿ ಎನ್ನಲೂ ಆಗದು. 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನ ಸಣ್ಣ ವಾಸದ ಕಟ್ಟಡಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ಕೊಟ್ಟಿತು. ಸಣ್ಣ ಮಾಲೀಕರ ಮೇಲಿನ ಹೊರೆ ಇಳಿದದ್ದು ಒಳ್ಳೆಯದೇ. ಅದರ ಜೊತೆಗೆ ಗಾಳಿ, ಬೆಳಕು, ಮೆಟ್ಟಿಲು, ವಿದ್ಯುತ್ ತಂತಿ ಈ ನಾಲ್ಕನ್ನು ಮಾತ್ರ ನೋಡುವ ಸರಳ ತಪಾಸಣೆ ಇರಬೇಕಿತ್ತು. ನೂರು ನಿಯಮ ಮಾಡಿ ಒಂದನ್ನೂ ಪಾಲಿಸದಿರುವುದಕ್ಕಿಂತ ನಾಲ್ಕು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಮೇಲು.

6. ಬಾಡಿಗೆಗೆ ಬಸ್ ಚಾರ್ಜು ಕೂಡಿಸಿ ನೋಡಿ

ನಗರ ಅರ್ಥಶಾಸ್ತ್ರದ ವಿದ್ವಾಂಸ ವಿಲಿಯಂ ಅಲೊನ್ಸೊ 1964ರಲ್ಲಿ ವಿವರಿಸಿದ ಸಂಗತಿ ನಮ್ಮ ಯಾವ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ಹೊಸದಲ್ಲ: ಕೆಲಸದ ಜಾಗಕ್ಕೆ ಹತ್ತಿರವಾದಷ್ಟೂ ಬಾಡಿಗೆ ಹೆಚ್ಚು, ದೂರವಾದಷ್ಟೂ ಓಡಾಟದ ಖರ್ಚು ಹೆಚ್ಚು. ಇವೆರಡರ ಮೊತ್ತವೇ ವಸತಿಯ ನಿಜವಾದ ಬೆಲೆ. ಅದೇ ಕ್ಷೇತ್ರದ ಅಲೈನ್ ಬರ್ಟೊ ಮತ್ತು ಜಾನ್ ಬ್ರೂಕ್ನರ್ ಬೆಂಗಳೂರನ್ನೇ ಉದಾಹರಣೆಯಾಗಿಟ್ಟುಕೊಂಡು, ಕಟ್ಟಡದ ಎತ್ತರಕ್ಕೆ ಹಾಕಿದ ಮಿತಿ ನಗರವನ್ನು ಹೊರಹೊರಗೆ ತಳ್ಳಿ ಎಲ್ಲರ ಓಡಾಟದ ಖರ್ಚು ಏರಿಸುತ್ತದೆ ಎಂದು 2005ರಲ್ಲಿ ತೋರಿಸಿದರು. ಅವರ ತರ್ಕವನ್ನು ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಹೆಚ್ಚಿನ ಎತ್ತರ ಸಿಗುವುದು ಅಗಲ ರಸ್ತೆಯ ದೊಡ್ಡ ಸೈಟಿಗೆ. ಕಟ್ಟಬಹುದಾದ ವಿಸ್ತೀರ್ಣವನ್ನು ನೆಲದ 1.75 ಪಟ್ಟಿನಿಂದ 3.25 ಪಟ್ಟಿನವರೆಗೆ ಏರಿಸುವ ಮಹಾಯೋಜನೆಯ ಪಟ್ಟಿಯಲ್ಲಿ ಮೇಲಿನ ಮೆಟ್ಟಿಲು ಬಿಲ್ಡರುಗಳಿಗೆ ಮಾತ್ರ ಎಟಕುತ್ತದೆ. ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಎರಡು ಮೂರು ಸಣ್ಣ ಸೈಟುಗಳವರು ಕೂಡಿ ಕಟ್ಟಿದರೆ ಹೆಚ್ಚಿನ ಎತ್ತರ ಕೊಡುವ ನಿಯಮ ಬಂದರೆ ಬಾಡಿಗೆ ಮನೆಗಳು ಬೇಕಾದ ಕಡೆಯೇ ಹೆಚ್ಚುತ್ತವೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಕೆಲವು ಹೆಣ್ಣುಮಕ್ಕಳು ನನಗೆ, ಇನ್ನು ಸ್ವಲ್ಪ ದೂರದಲ್ಲಿ ಎರಡು ಕೋಣೆಯ ಮನೆ ನೋಡಬಹುದು ಎಂದರು. ಸಾರಿಗೆಯ ಯೋಜನೆಯೇ ವಸತಿಯ ಯೋಜನೆಯೂ ಆಗುವುದು ಹೀಗೆ. ಇದನ್ನು ಯಾರಾದರೂ ಕೂಲಂಕಷವಾಗಿ ಅಧ್ಯಯನ ಮಾಡಬೇಕು.

7. ಖಾಲಿ ಮನೆಗೆ ಬೀಗ ಹಾಕಿದ್ದು ಸುಮ್ಮನೆ ಅಲ್ಲ

ಮುಂಬೈಯಲ್ಲಿ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಮಾಲೀಕರು ರಿಪೇರಿ ನಿಲ್ಲಿಸಿದರು, ಹೊಸಬರು ಬಾಡಿಗೆಗೆ ಕಟ್ಟುವುದನ್ನೇ ಬಿಟ್ಟರು. ನಮ್ಮಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ 1999ರ ಕಾಯ್ದೆ ಬಂದು 2001ರ ಕೊನೆಯಿಂದ ಜಾರಿಯಲ್ಲಿದೆ. ಆದರೂ ‘ಬಾಡಿಗೆಗೆ ಕೊಟ್ಟರೆ ಬಿಡಿಸಿಕೊಳ್ಳಲು ಆಗುವುದಿಲ್ಲ’ ಎಂಬ ಭಯ ಹೋಗಿಲ್ಲ. ಹನ್ನೊಂದು ತಿಂಗಳ ಕರಾರು ಬಂದದ್ದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂಬ 1908ರ ನೋಂದಣಿ ಕಾಯ್ದೆಯಿಂದ. ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಕೋರ್ಟಿನ ವಿಳಂಬದ ಭಯಕ್ಕೆ ಮಾಲೀಕರು ಕಟ್ಟಿಕೊಂಡ ವಿಮೆ. 2021ರ ಮಾದರಿ ಬಾಡಿಗೆ ಕಾಯ್ದೆ ಅದನ್ನು ಎರಡು ತಿಂಗಳಿಗೆ ಇಳಿಸಲು ಹೇಳುತ್ತದೆ. ವ್ಯಾಜ್ಯ ಬೇಗ ತೀರುವ ವ್ಯವಸ್ಥೆ ಮೊದಲು ಬರದಿದ್ದರೆ ಅಡ್ವಾನ್ಸಿಗೆ ಮಿತಿ ಹಾಕಿಯೂ ಪ್ರಯೋಜನವಿಲ್ಲ. ನ್ಯಾಯಾಧೀಶರ ಸಂಖ್ಯೆ ಹೆಚ್ಚಿದ್ದ ಕಡೆ ಖಾಲಿ ಮನೆಗಳು ಕಡಿಮೆ ಎಂದು ಸಂಶೋಧಕ ಸಾಹಿಲ್ ಗಾಂಧಿ ಮತ್ತು ಸಂಗಡಿಗರ ಅಧ್ಯಯನವೂ ಕಂಡುಕೊಂಡಿದೆ.

ಸರ್ಕಾರ ಕಟ್ಟಿದ ಮನೆಗಳೂ ಖಾಲಿ ಬಿದ್ದಿವೆ. ಅದಕ್ಕೆ ಒಂದು ಮುಖ್ಯ ಕಾರಣ: ಅಗ್ಗದ ಜಾಗ ಹುಡುಕಿ ಊರಾಚೆ ಕಟ್ಟಿದರು, ಕೆಲಸ ಊರೊಳಗಿತ್ತು.

8. ಹಣವಿದ್ದರೂ ಸಿಗದ ಮನೆ

ಅರ್ಥಶಾಸ್ತ್ರದ ಪಠ್ಯದಲ್ಲಿ ಬೇಡಿಕೆ ಎಂದರೆ ಕೊಳ್ಳುವ ಇಚ್ಛೆ ಮತ್ತು ಹಣ. ಬೀದಿಯಲ್ಲಿ ಅದಕ್ಕೆ ಮೊದಲು ಕೇಳುವ ಪ್ರಶ್ನೆ ಬೇರೆ. “ನೀವು ಯಾವ ಜನ?” “ನಾನ್ ವೆಜ್ ಮಾಡ್ತೀರಾ?” “ಒಬ್ಬರೇನಾ ಇರೋದು?” ಬಾಡಿಗೆ ಕೊಡಲು ಸಂಬಳವಿದ್ದ ದಲಿತರು, ಮುಸ್ಲಿಮರು, ಒಂಟಿ ಮಹಿಳೆಯರು, ಈಶಾನ್ಯದಿಂದ ಬಂದ ಹುಡುಗರು ಈ ಪ್ರಶ್ನೆಗಳ ಮುಂದೆ ವಾಪಸಾಗುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅವರ ಪಾಲಿಗೆ ಮಾರುಕಟ್ಟೆಯಲ್ಲಿರುವ ಮನೆಗಳ ಸಂಖ್ಯೆಯೇ ಚಿಕ್ಕದು. ಕಡಿಮೆ ಮನೆಗಳಿಗೆ ಹೆಚ್ಚು ಜನ ಮುಗಿಬಿದ್ದಾಗ ಬಾಡಿಗೆ ಏರುತ್ತದೆ, ಇಲ್ಲವೇ ದೂರ ಹೋಗಬೇಕಾಗುತ್ತದೆ. ಜಾತಿಯ ಬೆಲೆಯನ್ನು ಹೀಗೆ ಪ್ರತಿ ತಿಂಗಳೂ ರೂಪಾಯಿಯಲ್ಲಿ ತೆರುತ್ತಿರುವವರು ಇದ್ದಾರೆ. ಸಮೀಕ್ಷೆಯಲ್ಲಿ ‘ಎಷ್ಟು ಮನೆ ನೋಡಿದಿರಿ, ಎಷ್ಟು ಕಡೆ ಬೇಡ ಎಂದರು, ಏನು ಕಾರಣ ಹೇಳಿದರು’ ಎಂಬ ಮೂರು ಪ್ರಶ್ನೆಗಳಿಲ್ಲದಿದ್ದರೆ ಇದು ದಾಖಲಾಗುವುದೇ ಇಲ್ಲ. ಬಾಡಿಗೆ ಕಾಯ್ದೆಯಲ್ಲಿ ಇಂಥ ತಾರತಮ್ಯಕ್ಕೆ ಸ್ಪಷ್ಟ ನಿಷೇಧವೂ ದಂಡವೂ ಬರಬೇಕು.

9. ನೀರು ಬಂದರೆ ಬಾಡಿಗೆ ಏರುತ್ತದೆ

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದಿಂದ 110 ಹಳ್ಳಿಗಳ ಪ್ರದೇಶಕ್ಕೆ ನೀರು ಹರಿಯತೊಡಗಿತು. ಟ್ಯಾಂಕರಿನ ಖರ್ಚು ಉಳಿಯುವ ಕಡೆ ‘ಕಾವೇರಿ ಕನೆಕ್ಷನ್ ಇದೆ’ ಎಂಬ ಮಾತೇ ಬಾಡಿಗೆ ಏರಿಸಲು ಸಾಕು. ಸಾರ್ವಜನಿಕ ಹಣದಿಂದ ಬಂದ ಪೈಪು, ಮೆಟ್ರೊ, ರಸ್ತೆಗಳ ಲಾಭ ಕೊನೆಗೆ ಸೇರುವುದು ಜಾಗ ಇದ್ದವರಿಗೆ. ಈ ಏರಿಕೆಯ ಒಂದು ಪಾಲನ್ನು ನಗರ ಮರಳಿ ಪಡೆದು ಬಾಡಿಗೆ ವಸತಿಗೆ ಖರ್ಚು ಮಾಡಬೇಕು.

10. ನೀತಿಯಲ್ಲಿ ಬಾಡಿಗೆದಾರರಿಗೆ ಜಾಗ ಕೊಡಿ

ನಮ್ಮ ವಸತಿ ಯೋಜನೆಗಳಲ್ಲಿ ಬಹುಪಾಲು ‘ಸ್ವಂತ ಮನೆ’ಯ ಸುತ್ತ ಹೆಣೆದವು. 2015ರಲ್ಲಿ ಆರಂಭವಾದ ನಗರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಅತಿ ಹೆಚ್ಚು ಮನೆ ಮಂಜೂರಾದದ್ದು ಸ್ವಂತ ಜಾಗದಲ್ಲಿ ತಾವೇ ಕಟ್ಟಿಕೊಳ್ಳುವವರಿಗೆ. ಯಾದಗಿರಿಯಿಂದ, ರಾಯಚೂರಿನಿಂದ ಬಂದು ಗಾರೆ ಕೆಲಸ ಮಾಡುತ್ತ ಶೆಡ್ಡಿನಲ್ಲಿ ಮಲಗುವವರಿಗೆ ಬೆಂಗಳೂರಿನಲ್ಲಿ ಎಲ್ಲಿಯ ಸ್ವಂತ ಜಾಗ? ಅವರಿಗೆ ಬೇಕಾದುದು ತಿಂಗಳ ಕೂಲಿಯಲ್ಲಿ ಕೊಡಬಲ್ಲ ಬಾಡಿಗೆಯ, ಬಚ್ಚಲಿರುವ, ಕಿಟಕಿಯಿರುವ ಒಂದು ಕೋಣೆ. ಅದನ್ನು ಕಟ್ಟಬಲ್ಲವರು ಸಣ್ಣ ಸೈಟಿನ ಮಾಲೀಕರೇ. ಅವರಿಗೆ ಕಡಿಮೆ ಬಡ್ಡಿಯ ಸಾಲ, ಬಾಡಿಗೆಗೆ ಕೊಟ್ಟದ್ದಕ್ಕೆ ಹೆಚ್ಚು ತೆರಿಗೆ ಹಾಕದ ಪದ್ಧತಿ, ನಾಲ್ಕು ಮುಖ್ಯ ಸುರಕ್ಷತಾ ನಿಯಮಗಳು, ಇಷ್ಟನ್ನು ಬಿಬಿಎಂಪಿಯ ಜಾಗಕ್ಕೆ ಬಂದಿರುವ ಈಗಿನ ಐದು ನಗರ ಪಾಲಿಕೆಗಳು ಕೊಟ್ಟರೆ ಅತಿ ಹೆಚ್ಚು ಜನಕ್ಕೆ ಅತಿ ಬೇಗ ಮನೆ ಸಿಗುತ್ತದೆ.

ಇದಕ್ಕೆಲ್ಲ ಮೊದಲು ಲೆಕ್ಕ ಬೇಕು. 2011ರ ನಂತರ ಈ ನಗರದ ಮನೆಗಳನ್ನು ಗಣತಿಯಲ್ಲಿ ಎಣಿಸದೆಯೇ ಎಲ್ಲ ಯೋಜನೆಗಳೂ ನಡೆದಿವೆ. 2027ರ ಜನಗಣತಿಯಲ್ಲಿ ಮೊದಲು ಮನೆಪಟ್ಟಿ, ಆಮೇಲೆ ಜನರ ಎಣಿಕೆ. ಮನೆ ಮಾಲೀಕರಲ್ಲಿ ನನ್ನದೊಂದು ಬಿನ್ನಹ: ಗಣತಿದಾರರು ಗೇಟಿಗೆ ಬಂದಾಗ ಎಲ್ಲ ಪೋರ್ಶನ್‌ಗಳನ್ನೂ ಹೇಳಿ, ತಾರಸಿಯ ಶೀಟ್ ಮನೆಯನ್ನೂ ಬಿಡಬೇಡಿ, ಬಾಡಿಗೆದಾರರನ್ನು ಕರೆದು ಅವರ ವಿವರ ಅವರೇ ಕೊಡುವಂತೆ ಮಾಡಿ. ಅಲ್ಲಿ ನೀವು ಕೊಟ್ಟ ವಿವರ ಗೋಪ್ಯವಾಗಿರುತ್ತದೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಅದನ್ನು ಬೇರೆ ಇಲಾಖೆಯವರು ತೆರೆದು ನೋಡುವಂತಿಲ್ಲ, ಆ ಕಾಯ್ದೆಯಡಿಯ ಮೊಕದ್ದಮೆಯ ಹೊರತು ಕೋರ್ಟಿನಲ್ಲಿ ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸುವಂತೆಯೂ ಇಲ್ಲ.